ಹೈಪೋ ಅಂದರೆ ಕೆಳಗೆ

ಅವರು ತೀರಿಕೊಂಡು ಮೂರು ದಿನವಾದ ಮೇಲೆ ನನಗೆ ಸುದ್ದಿ ಗೊತ್ತಾಯಿತು. ಹೇಳಿದವರು ಸಾರಥಿ ಎಂಬ ಊರಿನಿಂದ ಡಯಾಲಿಸಿಸ್‌ಗೆ ಬರುವ ಒಬ್ಬ ಹೆಂಗಸು. ತೋಳಿಗೆ ಸೂಜಿ ಹಾಕುವಾಗ ಆಕೆ ಯಾವಾಗಲೂ ಮುಖ ಆಚೆ ತಿರುಗಿಸಿಕೊಳ್ಳುತ್ತಾರೆ. ಅವತ್ತೂ ಹಾಗೆಯೇ ಗೋಡೆ ನೋಡುತ್ತಾ, "ನಿಮ್ಮ ನೀರುಗಂಟಿ ಯಜಮಾನ್ರು ಹೋಗಿಬಿಟ್ರಂತ್ರಿ ಸಿಸ್ಟರ್, ಸೋಮವಾರ" ಎಂದರು. ನನ್ನ ಕೈಯಲ್ಲಿ ಸೂಜಿ ಇತ್ತು. ಹಾಕಿದೆ. ಯಂತ್ರ ಚಾಲೂ ಮಾಡಿ, ಮೊದಲ ಬಿಪಿ ಬರೆದುಕೊಂಡು, ಆಮೇಲೆ ಸಿಂಕಿನ ಹತ್ತಿರ ಹೋಗಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತೆ.

ಅವರ ಹೆಸರು ಬರೆಯುವುದಿಲ್ಲ. "ಹೆಸರು ಬ್ಯಾಡ ತಾಯಿ. ಬೇಕಾದ್ರೆ ಮನುಷ್ಯಾನ ಬರಿ" ಎಂದು ಅವರ ಹೆಂಡತಿ ಹೇಳಿದ್ದಾರೆ.

ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. ಮೂತ್ರಪಿಂಡ ಕೆಟ್ಟವರ ರಕ್ತವನ್ನು ಯಂತ್ರಕ್ಕೆ ಹರಿಸಿ, ತೊಳೆದು, ಮೈಯಲ್ಲಿ ನಿಂತ ಹೆಚ್ಚಿನ ನೀರು ತೆಗೆದು, ಮತ್ತೆ ಮೈಗೆ ಬಿಡುವ ಕೆಲಸ. ಒಂದು ಸಲಕ್ಕೆ ನಾಲ್ಕು ಗಂಟೆ. ವಾರಕ್ಕೆ ಎರಡು ಸಲ, ಬದುಕಿರುವವರೆಗೆ. ಕೊಕ್ಕನೂರಿನ ಈ ಯಜಮಾನರು ಸೋಮವಾರ ಮತ್ತು ಗುರುವಾರ ಬೆಳಗಿನ ಪಾಳಿಗೆ ಬರುತ್ತಿದ್ದರು. ನಾಲ್ಕು ವರ್ಷ ಬಂದರು. ಕಾಲುವೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡುವ ನೀರುಗಂಟಿ ಕೆಲಸ ಮಾಡಿ ಬಿಟ್ಟವರು. ಉದ್ದನೆಯ ಆಸಾಮಿ. ನಮ್ಮ ಬಾಗಿಲು ಸಾಕಷ್ಟು ಎತ್ತರವಿದ್ದರೂ ತಲೆ ತಗ್ಗಿಸಿಯೇ ಒಳಗೆ ಬರುತ್ತಿದ್ದರು. ಚಪ್ಪಲಿಯನ್ನು ಮೂತಿ ಬಾಗಿಲ ಕಡೆಗಿರುವಂತೆ ಜೋಡಿಸಿ ಬಿಡುತ್ತಿದ್ದರು. ಆ ಕೋಣೆಯಲ್ಲಿದ್ದ ನಾವೆಲ್ಲರೂ ಅವರಿಗೆ ಸಿಸ್ಟರಮ್ಮಗಳೇ. ನಾನು ನರ್ಸ್ ಅಲ್ಲ ಎಂದು ಎರಡು ಮೂರು ಸಲ ಹೇಳಿ ಬಿಟ್ಟುಬಿಟ್ಟೆ.

ಡಯಾಲಿಸಿಸ್‌ನವರು ನೀರು ಹೆಚ್ಚು ಕುಡಿಯುವಂತಿಲ್ಲ. ಕುಡಿದದ್ದು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಲ್ಲುತ್ತದೆ. ತೂಕದ ಯಂತ್ರದ ಮೇಲೆ ನಿಂತರೆ ಎಷ್ಟು ನಿಂತಿದೆ ಎಂದು ಗೊತ್ತಾಗುತ್ತದೆ. ಯಜಮಾನರು ಅದರ ಮೇಲೆ ಹತ್ತಿ, "ಎಷ್ಟು ಕಳ್ಳನೀರು ಐತೆ ನೋಡ್ರಿ" ಎನ್ನುತ್ತಿದ್ದರು. ಸರದಿ ಇಲ್ಲದವರು ಕದ್ದು ತಿರುಗಿಸಿಕೊಂಡ ನೀರಿಗೆ ಕಳ್ಳನೀರು ಅನ್ನುತ್ತಾರಂತೆ. ಬೇಸಿಗೆಯಲ್ಲಿ ಒಮ್ಮೆ ತುಟಿ ಒಡೆದುಕೊಂಡು ಬಂದಿದ್ದರು. "ಊರಿಗೆಲ್ಲ ನೀರು ಬಿಟ್ಟ ಕೈ ಇದು. ಈಗ ನಂಗೆ ದಿನಕ್ಕೆ ಮೂರು ಲೋಟ" ಎಂದು ಕೈ ತಿರುಗಿಸಿ ತೋರಿಸಿ ನಕ್ಕರು.

ಒಂದು ಗುರುವಾರ ಅವರ ಅಣ್ಣ ನೋಡಲು ಬಂದಿದ್ದರು. ಇಬ್ಬರಿಗೂ ಎಷ್ಟೋ ವರ್ಷದಿಂದ ಮಾತಿರಲಿಲ್ಲವಂತೆ. ಅಣ್ಣನ ಗದ್ದೆ ಒಣಗುತ್ತಿದ್ದಾಗಲೂ ಇವರು ಸರದಿ ತಪ್ಪಿಸಿ ನೀರು ಕೊಟ್ಟಿರಲಿಲ್ಲ, ಅದೇ ಕಾರಣ. ಅಣ್ಣ ಸ್ಟೂಲಿನ ಮೇಲೆ ಬಹಳ ಹೊತ್ತು ಕೂತಿದ್ದು, ರಕ್ತ ಓಡುವ ಕೊಳವೆಗಳನ್ನು ನೋಡಿ ಕಣ್ಣು ತೇವ ಮಾಡಿಕೊಂಡು, "ಆವತ್ತು ಒಂದು ತಾಸು ನೀರು ಬಿಟ್ಟಿದ್ರೆ ಏನಾಗ್ತಿತ್ತೋ?" ಎಂದರು.

"ಕೊನೇ ಗದ್ದೆ ಒಣಗ್ತಿತ್ತು ಅಣ್ಣಾ" ಎಂದರು ಇವರು, ಅಷ್ಟೇ ಮೆತ್ತಗೆ. ಆಮೇಲೆ ಇಬ್ಬರೂ ಬೇರೆ ಮಾತಾಡಿದರು.

ಇಂಥ ಮನುಷ್ಯ.

ನಮ್ಮ ಕೋಣೆಯಲ್ಲಿ ದಿನಾ ನಡೆಯುವ ಒಂದು ಆಪತ್ತಿದೆ. ಯಂತ್ರ ನೀರು ಎಳೆಯುವಾಗ ಕೆಲವರಿಗೆ ರಕ್ತದೊತ್ತಡ ಇದ್ದಕ್ಕಿದ್ದಂತೆ ಇಳಿದುಬಿಡುತ್ತದೆ. ಕಣ್ಣು ಕತ್ತಲೆ ಬರುತ್ತದೆ, ಬೆವರುತ್ತಾರೆ, ಕಾಲಿನ ಸ್ನಾಯು ಹಿಡಿದುಕೊಳ್ಳುತ್ತದೆ. ಬೇಗ ನೋಡಿ ಹಾಸಿಗೆಯ ಕಾಲಿನ ಕಡೆ ಎತ್ತರಿಸಿ, ಸಲೈನ್ ಕೊಟ್ಟರೆ ಸರಿಯಾಗುತ್ತದೆ. ತಡವಾದರೆ ಪ್ರಜ್ಞೆ ತಪ್ಪುತ್ತದೆ. ಎಷ್ಟೋ ಸಲ ಮನೆಗೆ ಹೋಗುವ ದಾರಿಯಲ್ಲೂ ಹೀಗಾಗುವುದುಂಟು. ನಾವು ಹಾಳೆಯ ಮೇಲೆ ಹೈಪೋಟೆನ್ಷನ್ ಎಂದು ಬರೆಯುತ್ತೇವೆ. ರೋಗಿಗಳಿಗೆ ಆ ಪದ ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ. "ಬಿಪಿ ಸ್ವಲ್ಪ ಹೆಚ್ಚು ಕಮ್ಮಿ ಆಗೈತೆ" ಎಂದು ಮುಗಿಸುತ್ತಿದ್ದೆವು.

ಆ ಹೆಚ್ಚು ಕಮ್ಮಿ ಎಂಥದ್ದು ಎಂದು ಎರಡನೇ ವರ್ಷದಲ್ಲಿ ಗೊತ್ತಾಯಿತು. ಡಯಾಲಿಸಿಸ್ ಮುಗಿಸಿ ಊರಿಗೆ ಹೊರಟಿದ್ದ ಯಜಮಾನರಿಗೆ ಹರಿಹರದಲ್ಲಿ ಬಸ್ಸಿಂದ ಇಳಿಯುವಾಗ ತಲೆ ತಿರುಗಿತು. ಹೆಂಡತಿ ಗಾಬರಿಯಾಗಿ ಹತ್ತಿರದ ಒಂದು ಸಣ್ಣ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಡಾಕ್ಟರು ಊಟಕ್ಕೆ ಹೋಗಿದ್ದರು. ಅಲ್ಲಿದ್ದ ಕಾಂಪೌಂಡರು ಏನಾಗಿದೆ ಎಂದು ಕೇಳಿದ. ಆಕೆ ತನಗೆ ಗೊತ್ತಿದ್ದ ಮಾತು ಹೇಳಿದರು: "ಅವ್ರಿಗೆ ಬಿಪಿ ಐತ್ರಿ."

ನಮ್ಮ ಕಡೆ ಬಿಪಿ ಐತೆ ಅಂದರೆ ಬಿಪಿ ಜಾಸ್ತಿ ಐತೆ ಎಂದೇ ಅರ್ಥ. ಅವನು ಅಳೆದು ನೋಡಲಿಲ್ಲ. ಒತ್ತಡ ಇಳಿಸುವ ಮಾತ್ರೆ ಕೊಟ್ಟ. ಮೊದಲೇ ನೆಲ ಹಿಡಿದಿದ್ದ ಒತ್ತಡ ಇನ್ನೂ ಇಳಿಯಿತು. ಯಾರೋ ಪುಣ್ಯಾತ್ಮರು ತಮ್ಮ ಕಾರಿನಲ್ಲಿ ನಮ್ಮಲ್ಲಿಗೆ ತಂದುಹಾಕಿದಾಗ ಯಜಮಾನರ ನಾಡಿ ನನ್ನ ಬೆರಳಿಗೆ ಸಿಗಲಿಲ್ಲ. ನಾಲ್ಕು ದಿನ ಐಸಿಯುನಲ್ಲಿದ್ದು ಬದುಕಿದರು.

ಆ ನಾಲ್ಕು ದಿನವೂ ಅವರ ಹೆಂಡತಿ ಹೊರಗಿನ ವರಾಂಡದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. "ನನ್ನ ಬಾಯಾಗಿಂದನೇ ಬಂತಲ್ಲ ತಾಯಿ, ಬಿಪಿ ಐತೆ ಅಂತ" ಎನ್ನುತ್ತಿದ್ದರು, ನಾನು ಎಷ್ಟು ಸಲ ಆ ಕಡೆ ಹೋದರೂ.

ಮತ್ತೆ ನಮ್ಮ ಕೋಣೆಗೆ ಬಂದ ಮೊದಲ ದಿನವೇ ಯಜಮಾನರು ನನ್ನನ್ನು ಹಿಡಿದರು.

"ಸಿಸ್ಟರಮ್ಮ, ನಂಗಾಗ್ತೈತಲ್ಲ, ಅದಕ್ಕೆ ನಿಮ್ಮ ಕಾಗದದಾಗೆ ಏನಂತ ಬರೀತೀರಿ?"

"ಹೈಪೋಟೆನ್ಷನ್ ಅಂತ."

"ಟೆನ್ಷನ್ನಾ?" ಅವರಿಗೆ ನಗು ಬಂತು. "ಟೆನ್ಷನ್ ಕಮ್ಮಿ ಆದ್ರೆ ಒಳ್ಳೇದಲ್ಲೇನ್ರಿ? ನಮ್ಮೂರಾಗೆ ಎಲ್ಲಾರಿಗೂ ಜಾಸ್ತೀನೇ."

"ಮನಸ್ಸಿನ ಟೆನ್ಷನ್ ಅಲ್ಲ ಯಜಮಾನ್ರೇ. ರಕ್ತನಾಳದೊಳಗಿನ ಒತ್ತಡ. ಹೈಪೋ ಅಂದ್ರೆ ಕೆಳಗೆ. ಹೈಪರ್ ಅಂದ್ರೆ ಮೇಲೆ."

"ಎರಡೂ ಒಂದೇ ಥರ ಕೇಳ್ತಾವಲ್ರೀ! ಏರಿಗೂ ಇಳಿಜಾರಿಗೂ ಒಂದೇ ಹೆಸರು ಇಟ್ಟಂಗಾತು. ಯಾರ್ರೀ ಇಟ್ಟೋರು?"

ಅವರು ಸ್ವಲ್ಪ ಹೊತ್ತು ಮೇಲೆ ಫ್ಯಾನು ನೋಡುತ್ತಾ ಮಲಗಿದ್ದು, ಮತ್ತೆ ನನ್ನನ್ನು ಕರೆದರು. "ಹಿಂಗೆ ಹೇಳಿದ್ರೆ ಸರೀನಾ ನೋಡ್ರಿ. ಕಾಲುವೇಲಿ ನೀರು ಐತೆ, ಆದ್ರೆ ತಳ್ಳು ಕಮ್ಮಿ. ಕೊನೇ ಗದ್ದೆಗೆ ಮುಟ್ಟಲ್ಲ. ನಿಂತಿರೋ ಮನುಷ್ಯಂಗೆ ಕೊನೇ ಗದ್ದೆ ತಲೆ. ಅದಕ್ಕೇ ಕಣ್ಣು ಕತ್ತಲೆ ಬರ್ತೈತೆ. ಮಲಗಿಸಿ ಕಾಲು ಮೇಲೆ ಮಾಡಿದ್ರೆ ನೀರು ತಲೆ ಕಡೆ ಬರ್ತೈತೆ."

ಸರಿ ಎಂದೆ. ಮೂರು ವರ್ಷ ಕಾಲೇಜಿನಲ್ಲಿ ಓದಿದ ನನಗೆ ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಹೆಂಡತಿಗೆ ಪಾಠ ಶುರುವಾಯಿತು. ಡಯಾಲಿಸಿಸ್ ಮುಗಿದ ಮೇಲೆ ಅರ್ಧ ಗಂಟೆ ಕೂತು ಹೋಗಬೇಕು ಎಂಬುದು ನಮ್ಮ ನಿಯಮ. ಆ ಅರ್ಧ ಗಂಟೆ ವರಾಂಡದ ಬೆಂಚಿನ ಮೇಲೆ ಇವರಿಬ್ಬರ ಶಾಲೆ. ಆಕೆ "ಹೈಪೋಟೇಸನ್" ಅನ್ನುವರು. ಇವರು, "ಟೇಸನ್ ಅಂದ್ರೆ ರೈಲು ಬರ್ತೈತೆ. ಟೆನ್-ಷನ್" ಅನ್ನುವರು. ಆಕೆ ಅಂಗೈಯನ್ನು ನೆಲದ ಕಡೆ ತಗ್ಗಿಸಿ, "ಹೈಪೋ ಅಂದ್ರೆ ಕೆಳಗೆ" ಎಂದು ಮೊದಲು ಅರ್ಥ ಹೇಳಿ, ಆಮೇಲೆ ಪದ ಹೇಳುವರು. ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವರು. ಹಾದುಹೋಗುವವರೆಲ್ಲ ನಗುತ್ತಿದ್ದರು. ಮೂರು ವಾರಕ್ಕೆ ಪದ ಕೂತಿತು.

ಮುಂದಿನ ಮಳೆಗಾಲದಲ್ಲಿ ಅದು ಕೆಲಸಕ್ಕೂ ಬಂತು. ಮನೆಯಲ್ಲಿ ಎದ್ದು ನಿಂತ ಯಜಮಾನರು ಹಾಗೇ ಕುಸಿದರಂತೆ. ಆಕೆ ಕಾಲ ಕೆಳಗೆ ಅಕ್ಕಿ ಚೀಲ ಇಟ್ಟು ಮಲಗಿಸಿ, ವಾಹನ ಮಾಡಿಕೊಂಡು ಹರಿಹರದ ಒಂದು ಆಸ್ಪತ್ರೆಗೆ ಕರೆತಂದು, ಅಲ್ಲಿನ ಡ್ಯೂಟಿ ಡಾಕ್ಟರ ಮುಂದೆ ನಿಂತು, "ಹೈಪೋಟೆನ್ಷನ್ ಐತ್ರಿ. ಡಯಾಲಿಸಿಸ್ ಪೇಷಂಟು. ಬಿಪಿ ಇಳಿಸೋ ಮಾತ್ರೆ ಕೊಡಬ್ಯಾಡ್ರಿ, ಇದು ಮಷಿನ್ನಿನ ಕೈ, ಇದಕ್ಕೆ ಬೇರೆ ಸೂಜಿ ಹಾಕಬ್ಯಾಡ್ರಿ" ಎಂದರಂತೆ. ಆ ಡಾಕ್ಟರು, "ನೀವು ನರ್ಸಾ ಅಮ್ಮಾ?" ಎಂದು ಕೇಳಿದರಂತೆ.

"ಅಲ್ರಿ, ಎರಡನೇ ಕ್ಲಾಸು."

ಈ ಕಥೆಯನ್ನು ಯಜಮಾನರು ನಮ್ಮ ಕೋಣೆಯಲ್ಲಿ ಎಲ್ಲ ಹಾಸಿಗೆಗಳಿಗೂ ಹೇಳಿದರು. ಎರಡನೇ ಕ್ಲಾಸು ಅನ್ನುವಾಗ ಪ್ರತಿ ಸಲವೂ ಎರಡು ಬೆರಳು ಎತ್ತಿ ತೋರಿಸುತ್ತಿದ್ದರು.

ಅವರು ಇನ್ನೊಂದು ವಿಷಯ ಕಂಡುಹಿಡಿದಿದ್ದರು. ಒತ್ತಡ ಇಳಿಯುವ ಮುಂಚೆ ಬಹಳ ಜನ ಆಕಳಿಸುತ್ತಾರೆ. ಪುಸ್ತಕದಲ್ಲೂ ಇದೆ ಅದು. ಆದರೆ ನಾವು ಆರು ಯಂತ್ರ ನೋಡಬೇಕು, ಅವರಿಗೆ ಆರು ಮುಖ ನೋಡುವುದೇ ಕೆಲಸ. "ಸಿಸ್ಟರಮ್ಮ, ಆ ಮೂಲೆ ಹೆಣ್ಮಗಳು ಎರಡು ಸಲ ಆಕಳಿಸಿದ್ಲು" ಅನ್ನುವರು. ಹೋಗಿ ಅಳೆದರೆ ನಿಜವಾಗಿಯೂ ಇಳಿಯುತ್ತಿರುತ್ತಿತ್ತು. ಸಾರಥಿಯ ಆ ಹೆಂಗಸು ಹೀಗೆ ಎಷ್ಟು ಸಲ ಉಳಿದಿದ್ದಾರೋ. ಒಂದು ದಿನ ರೌಂಡ್ಸಿಗೆ ಬಂದ ನಮ್ಮ ದೊಡ್ಡ ಡಾಕ್ಟರೇ ಬಾಯಿ ತೆರೆದು ಆಕಳಿಸಿದಾಗ, "ಸಾಹೇಬ್ರೇ, ಬಿಪಿ ನೋಡಿಸ್ಕೊಳ್ರಿ" ಎಂದರು. ಇಡೀ ಕೋಣೆ ನಕ್ಕಿತು. ನಮ್ಮ ಕೋಣೆಯಲ್ಲಿ ನಗು ಬರುವುದು ಅಪರೂಪ.

ನಾಲ್ಕನೇ ವರ್ಷ ಅವರ ಹೃದಯ ಸೋಲತೊಡಗಿತು. ಮೊದಲೆಲ್ಲ ಯಂತ್ರ ನೀರು ಎಳೆದಾಗ ಇಳಿಯುತ್ತಿದ್ದ ಒತ್ತಡ ಈಗ ಬರುವಾಗಲೇ ಇಳಿದಿರುತ್ತಿತ್ತು. ಮೇಲಿನ ಅಂಕಿ ಎಂಬತ್ತು ದಾಟುತ್ತಿರಲಿಲ್ಲ. ನೀರು ತೆಗೆಯದಿದ್ದರೆ ಉಸಿರು ಕಟ್ಟುತ್ತಿತ್ತು, ತೆಗೆದರೆ ಪ್ರಜ್ಞೆ ಹೋಗುತ್ತಿತ್ತು. ಎರಡು ಗಂಟೆಗೆ ನಿಲ್ಲಿಸುವುದು, ಒಂದೂವರೆ ಗಂಟೆಗೆ ನಿಲ್ಲಿಸುವುದು ಶುರುವಾಯಿತು. ಒಂದು ಗುರುವಾರ ಡಾಕ್ಟರು ಹಾಳೆಯ ಮೇಲೆ ಬರೆಯುತ್ತಾ ಗಟ್ಟಿಯಾಗಿ ಓದಿಕೊಂಡರು: "ಪರ್ಸಿಸ್ಟೆಂಟ್ ಹೈಪೋಟೆನ್ಷನ್."

ಡಾಕ್ಟರು ಪಕ್ಕದ ಹಾಸಿಗೆಗೆ ಹೋದ ಮೇಲೆ ಯಜಮಾನರು ಕೇಳಿದರು. "ಹಿಂದಿನದು ನಂಗೆ ಗೊತ್ತೈತೆ. ಮುಂದೆ ಏನೋ ಒಂದು ಸೇರಿಸಿದ್ರಲ್ಲ, ಏನದು?"

ಅವರ ಮುಖ ನೋಡಿ ನನಗೆ ಬಾಯಿ ಬರಲಿಲ್ಲ. "ಆಗಾಗ ಬರ್ತಾ ಇರೋದು ಅಂತ" ಎಂದೆ.

ಅವರು ತಲೆಯಾಡಿಸಿದರು. ಡಾಕ್ಟರು ಮತ್ತೆ ಈ ಕಡೆ ಬಂದಾಗ ಕೇಳಿದರು. "ಸಾಹೇಬ್ರೇ, ಪರ್ಸಿಸ್ಟೆಂಟ್ ಅಂದ್ರೆ ಆಗಾಗ ಅಂತಾನಾ?"

"ಅಲ್ಲ ಯಜಮಾನ್ರೇ" ಎಂದರು ಡಾಕ್ಟರು. "ಬಿಡದೇ ಇರೋದು ಅಂತ."

ಯಜಮಾನರು ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ. ಮಗು ಲೆಕ್ಕ ತಪ್ಪಿದಾಗ ಮೇಷ್ಟರು ನೋಡುತ್ತಾರಲ್ಲ, ಹಾಗೆ ನೋಡಿದರು. ಡಾಕ್ಟರು ಸ್ಟೂಲು ಎಳೆದುಕೊಂಡು ಕೂತು ಎಲ್ಲ ಹೇಳಿದರು. ಹೃದಯಕ್ಕೆ ಇನ್ನು ಯಂತ್ರ ತಡೆದುಕೊಳ್ಳುವ ಶಕ್ತಿ ಇಲ್ಲ, ಬಂದರೆ ಆದಷ್ಟು ಮಾಡುತ್ತೇವೆ, ಆದರೆ ಹಾಸಿಗೆಯ ಮೇಲೇ ಏನಾದರೂ ಆಗಬಹುದು. ಬರುವುದು ಬೇಡ ಅನ್ನಿಸಿದರೆ ಮನೆಯಲ್ಲಿ ನೋವು, ಉಸಿರಿನ ತೊಂದರೆ ಆಗದ ಹಾಗೆ ಔಷಧಿ ಕೊಡುತ್ತೇವೆ. ಯಜಮಾನರು ಒಂದೇ ಪ್ರಶ್ನೆ ಕೇಳಿದರು. "ಬರದಿದ್ರೆ ಎಷ್ಟು ದಿನ?"

"ಒಂದು ವಾರ, ಎರಡು ವಾರ."

"ಹಂಗಾದ್ರೆ ಮನೀಗೇ ಹೋಗ್ತೀನ್ರಿ."

ಡಾಕ್ಟರು ಎದ್ದು ನನಗೆ ಹೇಳಿದರು: "ಅವರ ಮನೆಯವರಿಗೂ ತಿಳಿಯೋ ಹಾಗೆ ಹೇಳಿ. ಆಮೇಲೆ ನನ್ನ ಹತ್ರ ಕಳಿಸಿ."

ನಾನು ವರಾಂಡಕ್ಕೆ ಹೋದೆ. ಆಕೆ ಬೆಂಚಿನ ಮೇಲೆ ಎಂದಿನಂತೆ ಕೂತಿದ್ದರು. ಕಾಗದದ ಪೊಟ್ಟಣದಲ್ಲಿ ಮಂಡಕ್ಕಿ ಇತ್ತು. ನನ್ನನ್ನು ನೋಡಿ ಸರಿದು ಜಾಗ ಮಾಡಿ, "ಇವತ್ತು ಬಾಳ ಹೊತ್ತು ಒಳಗದಾರಲ್ಲ, ಹೈಪೋ ಆಗಿಲ್ಲ ಅಲ್ವಾ? ತಗಾ ತಾಯಿ, ಬೆಳಿಗ್ಗಿಂದ ಏನೂ ತಿಂದಿಲ್ಲ ನೀನು" ಎಂದು ನನ್ನ ಅಂಗೈಗೆ ಮಂಡಕ್ಕಿ ಹಾಕಿದರು. ನಾನು ನಿಂತೇ ತಿಂದೆ. "ಡಾಕ್ಟ್ರು ನಿಮ್ಮ ಹತ್ರ ಮಾತಾಡ್ತಾರಂತೆ ಅಮ್ಮಾ, ಮುಂದಿನ ಸಲ" ಎಂದೆ. ಒಳಗೆ ಬಂದೆ.

ಬಾಗಿಲ ಗಾಜಿನಿಂದ ಯಜಮಾನರು ಎಲ್ಲ ನೋಡಿದ್ದರು. "ಬಿಡ್ರಿ ಸಿಸ್ಟರಮ್ಮ. ನಿಮ್ಮ ಕೈಲಿ ಆಗಲ್ಲ. ನಾನೇ ಹೇಳ್ತೀನಿ. ನಾನು ಹೇಳಿದ್ರೆ ಅವ್ಳಿಗೆ ತಿಳೀತೈತೆ."

ನನಗೆ ಎಷ್ಟು ಹಗುರ ಅನ್ನಿಸಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಅವತ್ತು ಡಾಕ್ಟರಿಗೆ ಆಪರೇಷನ್ ಥಿಯೇಟರಿನಿಂದ ಕರೆ ಬಂತು. ಯಜಮಾನರೇ ಹೇಳುತ್ತಾರಂತೆ ಎಂದು ನಾನು ಅವರಿಗೆ ತಿಳಿಸಿದೆ. ಔಷಧಿಯ ಚೀಟಿ ಹೆಂಡತಿಯ ಕೈಗೆ ಹೋಗದೆ ಯಜಮಾನರ ಜೇಬಿಗೇ ಹೋಯಿತು. ಹೋಗುವಾಗ ಅವರು ಹೆಂಡತಿಯ ಹೆಗಲ ಮೇಲೆ ಕೈಯಿಟ್ಟುಕೊಂಡು, ತಿರುಗಿ ನೋಡದೆ ನಡೆದರು.

ಐದನೇ ದಿನ ಎಸ್.ಎಸ್. ಬಡಾವಣೆಯ ನನ್ನ ರೂಮಿನಿಂದ ಫೋನ್ ಮಾಡಿದೆ. ಅವರೇ ಎತ್ತಿದರು. ದನಿ ಸಣ್ಣದಾಗಿತ್ತು. "ಆರಾಮದೀನಿ. ಮಾತ್ರೆ ತಗಂತಿದೀನಿ" ಎಂದರು.

"ಅಮ್ಮೋರಿಗೆ ಹೇಳಿದ್ರಾ?"

"ಹೇಳೀನಿ. ನೀವು ಊಟ ಮಾಡ್ರಿ."

ಸುದ್ದಿ ತಿಳಿದ ವಾರದ ಭಾನುವಾರ ನಾನು ಕೊಕ್ಕನೂರಿಗೆ ಹೋದೆ. ಮನೆಯ ಮುಂದಿನ ಜಗಲಿಯ ಮೇಲೆ ಆಕೆ ಗೋಡೆಗೆ ಒರಗಿ ಕೂತಿದ್ದರು. ಅಳುತ್ತಿರಲಿಲ್ಲ. ಚಾಪೆ ಹಾಸಿ, ನೀರು ಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಕಾದು, ಕೇಳಿದರು.

"ನಾನೇನು ತಪ್ಪು ಮಾಡ್ದೆ ಹೇಳು ತಾಯಿ. ವಾಸಿ ಆಗಿದ್ದ ಮನುಷ್ಯ ಹೆಂಗೆ ಹೋದ್ರು?"

ವಾಸಿ ಎಂಬ ಮಾತು ನನಗೆ ಅರ್ಥವಾಗಲಿಲ್ಲ. ಆಕೆ ಬೆರಳು ಮಡಚುತ್ತಾ ಹೇಳಿದರು. ಸಾರಿಗೆ ಉಪ್ಪು ಜಾಸ್ತಿ ಹಾಕಿದ್ದೆನಾ? ಎರಡು ದಿನ ಮಜ್ಜಿಗೆ ಕೊಟ್ಟೆ, ಅದರಿಂದ ಆಯಿತಾ? ಸುಮ್ಮನೆ ಮಲಗಿರುತ್ತಾರೆ ಎಂದು ಬೈದು ಎಬ್ಬಿಸಿ ಅಂಗಳದಲ್ಲಿ ನಡೆಸಿದೆ, ಅದಾ?

"ವಾಸಿ ಅಂತ ಯಾರು ಹೇಳಿದ್ರಮ್ಮಾ?"

"ಅವರೇ. ಅವತ್ತು ಆಸ್ಪತ್ರಿಂದ ಬರೋವಾಗ ಬಸ್ಸಿನಾಗೆ ಹೇಳಿದ್ರು. ಹೈಪೋ ಪೂರಾ ಹೋತಂತೆ, ಒಂದು ತಿಂಗಳು ಮಷಿನ್ನೂ ಬ್ಯಾಡ ಅಂದಾರೆ ಅಂತ. ಮನೀಗೆ ಬಂದು ಶಾವಿಗೆ ಪಾಯಸ ಮಾಡಿದ್ದೆ."

ಅಣ್ಣನಿಗೂ ಸರದಿ ತಪ್ಪಿಸದ ಮನುಷ್ಯ. ಆ ಪದವನ್ನು ಆಕೆಗೆ ಅಕ್ಷರ ಅಕ್ಷರ ಕಲಿಸಿದವರು. ನನ್ನಂತೆಯೇ ಅವರಿಗೂ ಬಾಯಿ ಬಂದಿರಲಿಲ್ಲ.

ಈ ಸಲ ಹೇಳಿದೆ. ಹೃದಯದ ವಿಷಯ, ಏರದೆ ಇಳಿದೇ ಇದ್ದ ಒತ್ತಡದ ವಿಷಯ, ಒಂದು ವಾರ ಎರಡು ವಾರ ಎಂದು ಡಾಕ್ಟರು ಹೇಳಿದ್ದು, ಮನೆಗೇ ಹೋಗುತ್ತೇನೆ ಎಂದು ಅವರು ಆರಿಸಿಕೊಂಡದ್ದು. ಉಪ್ಪಿನಿಂದಲ್ಲ, ಮಜ್ಜಿಗೆಯಿಂದಲ್ಲ, ನಡೆಸಿದ್ದರಿಂದಲ್ಲ ಎಂದೆ. ಆಕೆ ನೆಲ ನೋಡುತ್ತಾ ಕೇಳಿಸಿಕೊಂಡರು.

"ನಿನಗೂ ಗೊತ್ತಿತ್ತಾ?"

"ಗೊತ್ತಿತ್ತಮ್ಮಾ."

"ವರಾಂಡಕ್ಕೆ ಬಂದ್ಯಲ್ಲ, ಆಗಲೇ?"

"ಆಗಲೇ."

ಆಕೆ ನನ್ನ ಮುಂದಿದ್ದ ಖಾಲಿ ಲೋಟ ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ, ದನಿ ಏರಿಸದೆ, "ಗೊತ್ತಿದ್ರೆ ನಾನು ನಾಟಿಗೆ ಹೋಗ್ತಿರ್ಲಿಲ್ಲ" ಎಂದರು.

ನಾಲ್ಕು ವರ್ಷದಿಂದ ಆಕೆ ಯಾರ ಗದ್ದೆಗೂ ಹೋಗಿರಲಿಲ್ಲವಂತೆ. ಗಂಡ ಹುಷಾರಾದರು ಎಂದು ಈ ಸಲ ಭತ್ತದ ನಾಟಿಗೆ ಹೋದರು. ಆರು ದಿನ ಹೋಗಿದ್ದರು. ಯಜಮಾನರೇ, "ಹೋಗು, ಹೆಣ್ಮಕ್ಕಳ ಜೋಡಿ ನಕ್ಕೊಂಡು ಬಾ" ಎಂದು ಕಳಿಸುತ್ತಿದ್ದರಂತೆ. ಆ ಸೋಮವಾರವೂ ಕಳಿಸಿದರು. ಮಧ್ಯಾಹ್ನ ಊಟಕ್ಕೆ ಬಂದು ನೋಡಿದಾಗ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದರು. ಮೈ ತಣ್ಣಗಾಗಿತ್ತು.

"ಅವತ್ತು ಗದ್ದೆಯಾಗೆ ಎಷ್ಟು ನಕ್ಕಿದೀನಿ ಗೊತ್ತಾ."

"ನೀವು ನಗಬೇಕು ಅಂತಾನೇ ಅವರ ಆಸೆ ಇತ್ತೇನೋ ಅಮ್ಮಾ."

"ಅದು ಅವರ ಆಸೆ. ನನ್ನ ಕೇಳಬೇಕಿತ್ತಲ್ಲ. ಹನ್ನೊಂದು ದಿನ ಹತ್ರ ಕೂತಿರ್ತಿದ್ದೆ. ಬೈತಿರ್ಲಿಲ್ಲ."

ತಪ್ಪಾಯಿತು ಎಂದೆ. ಆಕೆ ಆಯಿತು ಬಿಡು ಅನ್ನಲಿಲ್ಲ. ನಾನು ಎದ್ದು ನಿಂತೆ. "ಕೂತ್ಕೋ" ಎಂದರು. ಕೂತೆ.

"ನಾನೇ ಕೊಂದೆ ಅನ್ಕೊಂಡಿದ್ದೆ ತಾಯಿ. ಕೊಂದೋಳು ಹೆಂಗೆ ಅಳಾದು ಅಂತ ಸುಮ್ಮನಿದ್ದೆ" ಎಂದರು. ಅಷ್ಟು ಹೇಳಿ ನನ್ನ ತೊಡೆಯ ಮೇಲೆ ತಲೆಯಿಟ್ಟರು. ಆ ಅಳು ಕೇಳಿ ಅಕ್ಕಪಕ್ಕದ ಮನೆಯ ಹೆಂಗಸರು ಕೆಲಸ ಬಿಟ್ಟು ಒಬ್ಬೊಬ್ಬರಾಗಿ ಬಂದು ಜಗಲಿಯ ಕೆಳಗೆ ನಿಂತರು. ಯಾರೂ ಸುಮ್ಮನಿರು ಅನ್ನಲಿಲ್ಲ.